ಕೇದಾರದ ಬೆಳಗು ಮತ್ತು ಕೈಗವಸು

ಕೆರೂರಿನಂಥ ಬಿಸಿಲೂರಿನಲ್ಲಿ ಹುಟ್ಟಿ ಬೆಳೆದವನು ಕೈಗವಸಿನ ಕುರಿತು ಮಾತನಾಡಹೊರಟರೆ ಕೇಳುವವರು ನಕ್ಕಾರು ಎಂಬ ಅಳುಕು ನನಗೆ ಇಲ್ಲದಿಲ್ಲ. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ, ಬಾದಾಮಿಗೆ ಸಮೀಪದ ನಮ್ಮ ಊರಿನಲ್ಲಿ ಚಳಿಯೆಂಬುದು ಮಾರ್ಗಶಿರ–ಪುಷ್ಯ ಮಾಸಗಳ ಅತಿಥಿ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುವ ಹೊತ್ತಿಗೆ ಒಂದಿಷ್ಟು ದಿನ ಮೈನಡುಗಿಸಿ, ರಥಸಪ್ತಮಿ ಕಳೆಯುತ್ತಲೂ ಅದು ಹೊರಟುಹೋಗುತ್ತದೆ. ಆ ಅತಿಥಿಯ ಸತ್ಕಾರಕ್ಕೆ ನಮ್ಮವರಿಗೆ ಒಂದು ಕಂಬಳಿ ಮತ್ತು ಒಲೆಯ ಮುಂದಿನ ಒಂದು ಮಣೆ ಸಾಕು. ಕೈಗವಸನ್ನು ನಾನು ಬಾಲ್ಯದಲ್ಲಿ ನೋಡಿದ್ದು ಇಂಗ್ಲಿಷ್ ಪಠ್ಯಪುಸ್ತಕದ ಚಿತ್ರಗಳಲ್ಲಿ ಮಾತ್ರ. ಅದು ನನ್ನ ಬಾಳಿನಲ್ಲಿ ಒಂದು ದಿನ ಇಷ್ಟು ದೊಡ್ಡ ಪ್ರಶ್ನೆಯಾಗಿ ನಿಂತೀತೆಂದು ನಾನು ಎಣಿಸಿರಲಿಲ್ಲ.

ಪ್ರಶ್ನೆ ಹುಟ್ಟಿದ್ದು ನಮ್ಮ ಅವ್ವನ ಒಂದು ಮಾತಿನಿಂದ. ಕೇದಾರನಾಥಕ್ಕೂ ಕನ್ನಡ ನಾಡಿಗೂ ಇರುವ ನಂಟು ಕೇಳುಗರಿಗೆ ತಿಳಿದದ್ದೇ ಆಗಿದೆ. ಅಲ್ಲಿಯ ರಾವಲರು ಕರ್ನಾಟಕದ ವೀರಶೈವ ಸಮುದಾಯದಿಂದ ಹೋದವರಾಗಿರುವುದು ಪರಂಪರೆ; ಪಂಚಪೀಠಗಳಲ್ಲಿ ಕೇದಾರಪೀಠವೂ ಒಂದು. ಹೀಗಾಗಿ ನಮ್ಮ ಭಾಗದ ಹಿರಿಯರಿಗೆ ಆ ಹೆಸರು ದೂರದ ಹಿಮಾಲಯದ್ದೆಂದು ಅನಿಸುವುದಿಲ್ಲ. ಮನೆತನದ ಯಾವುದೋ ಹಳೆಯ ಊರಿನ ಹೆಸರಿನಂತೆ ಅದು ಅವರ ನಾಲಗೆಯ ಮೇಲಿರುತ್ತದೆ. ನಾನು ನಿವೃತ್ತನಾದ ಮೇಲೆ, 2022ರ ಅಕ್ಟೋಬರಿನಲ್ಲಿ, ಕೇದಾರಕ್ಕೆ ಹೊರಟು ನಿಂತಾಗ ಎಂಬತ್ತೇಳರ ಅವ್ವ ಕರೆದು ಹೇಳಿದಳು: "ತಮ್ಮಾ, ನನಗ ಆ ಗುಡ್ಡಾ ಏರೂದು ಇನ್ನ ಈ ಜನ್ಮದಾಗ ಆಗೂದಲ್ಲ. ಗುಡೀ ಹಿಂದಿನ ಗುಡ್ಡದ ಮ್ಯಾಲೆ ಮುಂಜಾನಿ ಬಿಸಲು ಬೀಳತೈತಂತಲ್ಲ, ಅದರದೊಂದು ಫೋಟೋ ತಕ್ಕೊಂಡ ಬಾ. ನಾ ಇಲ್ಲೇ ಕುಂತ ನೋಡತೀನಿ."

ಛಾಯಾಗ್ರಹಣ ನನ್ನ ಹಳೆಯ ಹವ್ಯಾಸ. ಬಾದಾಮಿಯ ಅಗಸ್ತ್ಯತೀರ್ಥದ ದಡದಲ್ಲಿ, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ, ಎಷ್ಟೋ ಬೆಳಗುಗಳನ್ನು ಕ್ಯಾಮೆರಾದ ಹಿಂದೆ ನಿಂತು ಕಳೆದವನು ನಾನು. ಅವ್ವನ ಬೇಡಿಕೆ ಸುಲಭದ್ದೆಂದೇ ನನಗೆ ತೋರಿತು. ಹೊರಡುವ ಮುನ್ನ ಪೇಟೆಯ ಅಂಗಡಿಯೊಂದರಲ್ಲಿ ಕೈಗವಸುಗಳನ್ನು ಕೊಂಡೆ. ಇದಕ್ಕಿಂತ ದಪ್ಪನೆಯದು ಬೇರೆಲ್ಲಿಯೂ ಸಿಕ್ಕದು ಎಂಬ ಅಂಗಡಿಯವರ ಭರವಸೆಯೇ ನನ್ನ ಆಯ್ಕೆಗೆ ಆಧಾರ. ದಪ್ಪವಾಗಿದ್ದರೆ ಬೆಚ್ಚಗಿರುತ್ತದೆ, ಬೆಚ್ಚಗಿದ್ದರೆ ಕೆಲಸವಾಗುತ್ತದೆ: ನನ್ನ ತರ್ಕ ಇಷ್ಟೇ ಆಗಿತ್ತು.

ಗೌರೀಕುಂಡದಿಂದ 16 ಕಿಲೋಮೀಟರುಗಳ ಏರುದಾರಿ. 3,583 ಮೀಟರು ಎತ್ತರದಲ್ಲಿ ಗುಡಿ. ಅದರ ಹಿಂದೆ 6,940 ಮೀಟರುಗಳಷ್ಟು ಮೇಲೆದ್ದು ನಿಂತ ಕೇದಾರ ಶಿಖರ. 2013ರ ಜೂನ್ ತಿಂಗಳ ಪ್ರಳಯದಲ್ಲಿ ಗುಡಿಯನ್ನು ಕಾಯಿತೆನ್ನುವ ಆ ದೊಡ್ಡ ಬಂಡೆಯನ್ನು ಕಂಡು, ದರ್ಶನ ಮುಗಿಸಿ, ಮರುದಿನ ನಸುಕಿನಲ್ಲಿ ನಾನು ಭೈರವನಾಥನ ಗುಡ್ಡದ ದಾರಿಯಲ್ಲಿ ಟ್ರೈಪಾಡ್ ಹೂಡಿ ನಿಂತೆ. ಹಾದಿಯ ಬದಿಯ ಗುಂಡಿಗಳಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. ಶಿಖರದ ನೆತ್ತಿ ಮೊದಲು ಕುಂಕುಮದ ಬಣ್ಣಕ್ಕೆ ತಿರುಗಿತು, ಆಮೇಲೆ ಹೊನ್ನಾಗತೊಡಗಿತು. ನಾನು ಗುಂಡಿಯನ್ನು ಒತ್ತಲು ಹೋದೆ. ಗುಂಡಿ ಎಲ್ಲಿದೆಯೆಂದು ಬೆರಳಿಗೆ ತಿಳಿಯಲೇ ಇಲ್ಲ.

ಕ್ಯಾಮೆರಾದ ಗುಂಡಿಗೆ ಎರಡು ಹಂತಗಳುಂಟು. ಅರ್ಧ ಒತ್ತಿದರೆ ಯಂತ್ರ ವಸ್ತುವಿನ ಮೇಲೆ ದೃಷ್ಟಿಯನ್ನು ನೆಡುತ್ತದೆ. ಪೂರ್ತಿ ಒತ್ತಿದರೆ ಚಿತ್ರ ಹಿಡಿಯುತ್ತದೆ. ಈ ಅರ್ಧಕ್ಕೂ ಪೂರ್ತಿಗೂ ನಡುವಿನ ಅಂತರ ಕೂದಲೆಳೆಯಷ್ಟು. ಅದನ್ನು ಅರಿಯುವುದು ಕಣ್ಣಲ್ಲ, ತೋರುಬೆರಳಿನ ತುದಿ. ನನ್ನ ದಪ್ಪ ಗವಸಿಗೆ ಅರ್ಧವೂ ಒಂದೇ, ಪೂರ್ತಿಯೂ ಒಂದೇ. ಬೇಸತ್ತು ಗವಸನ್ನು ಕಿತ್ತು ಜೇಬಿಗೆ ತುರುಕಿ, ಬರಿಗೈಯಿಂದ ಟ್ರೈಪಾಡಿನ ಲೋಹದ ಕಾಲನ್ನು ಹಿಡಿದು ಸರಿಪಡಿಸಿದೆ. ಎರಡೇ ನಿಮಿಷಗಳಲ್ಲಿ ಬೆರಳುಗಳು ನನ್ನವಾಗಿ ಉಳಿಯಲಿಲ್ಲ. ಒತ್ತಬೇಕೆಂದಾಗ ಒತ್ತಲೊಲ್ಲವು, ಒತ್ತಿದಾಗ ಇಡೀ ಯಂತ್ರವನ್ನೇ ಅಲುಗಿಸಿದವು. ಬ್ಯಾಟರಿಯೂ ಚಳಿಗೆ ಸೋತು ಕಣ್ಣುಮುಚ್ಚಿತು. ಬದಲಿ ಬ್ಯಾಟರಿಯನ್ನು ಹಾಕುವ ಸಣ್ಣ ಬಾಗಿಲನ್ನು ತೆರೆಯಲಾರದೆ ನಾನು ಹೆಣಗುತ್ತಿದ್ದಂತೆಯೇ ಹೊನ್ನು ಕರಗಿ, ಶಿಖರ ಎಲ್ಲ ಹಗಲಿನ ಶಿಖರಗಳಂತೆ ಬಿಳುಪಾಯಿತು.

ಊರಿಗೆ ಬಂದು ಅವ್ವನಿಗೆ ತೋರಿಸಿದ ಚಿತ್ರದಲ್ಲಿ ಗುಡಿ ಎರಡೆರಡಾಗಿ ಕಾಣುತ್ತಿತ್ತು. ಅವಳು ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಚಿತ್ರದ ಬಗ್ಗೆ ಏನೂ ಅನ್ನಲಿಲ್ಲ. "ಕೈ ನಡುಗ್ಯಾವೇನೋ ತಮ್ಮಾ?" ಎಂದು ಕೇಳಿ ನನ್ನ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಹಿಡಿದು ತಿಕ್ಕಿದಳು. ನಾಲ್ಕು ದಶಕ ಪಾಠ ಹೇಳಿದವನಿಗೆ ತನ್ನ ತಪ್ಪು ಎಲ್ಲಿತ್ತೆಂದು ಕಲಿಯುವ ಹಟ ಅಂದೇ ಹುಟ್ಟಿತು.

ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ಚಳಿ ತಾಗಿದಾಗ ದೇಹವು ಬರಗಾಲದ ಗೃಹಸ್ಥನಂತೆ ವರ್ತಿಸುತ್ತದೆ. ಎದೆ, ಹೊಟ್ಟೆ, ಮಿದುಳುಗಳ ಪಾಲನ್ನು ಮೊದಲು ಕಾದಿಟ್ಟು, ಬೆರಳುಗಳಿಗೆ ಹೋಗುವ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಬೆರಳುಗಳೋ ಸಣ್ಣ ಗಾತ್ರದವು. ಗಾತ್ರಕ್ಕೆ ಹೋಲಿಸಿದರೆ ಅವುಗಳ ಮೈ ಬಹಳ ವಿಸ್ತಾರ. ಆದುದರಿಂದ ಇರುವ ಬಿಸಿಯನ್ನೂ ಬೇಗನೆ ಚೆಲ್ಲುತ್ತವೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಕೈಚಳಕ ಕುಂದತೊಡಗುತ್ತದೆ. 8 ಡಿಗ್ರಿಯ ಆಸುಪಾಸಿನಲ್ಲಿ ಸ್ಪರ್ಶಜ್ಞಾನವೇ ಮಂಕಾಗುತ್ತದೆ. ಇದರಿಂದ ಹೊರಡುವ ಮೊದಲ ನಿಯಮ ಕೈಗೆ ಸಂಬಂಧಿಸಿದ್ದೇ ಅಲ್ಲ: ಕೈ ಬೆಚ್ಚಗಿರಬೇಕಾದರೆ ಎದೆ, ತಲೆ, ಕತ್ತು, ಮಣಿಕಟ್ಟು ಬೆಚ್ಚಗಿರಬೇಕು. ತೆಳುವಾದ ಶಾಲು ಹೊದ್ದು ದಪ್ಪನೆಯ ಗವಸು ತೊಟ್ಟವನು ಬೇರಿಗೆ ನೀರೆರೆಯದೆ ಎಲೆಗೆ ಸಿಂಪಡಿಸಿದಂತೆ. ಎರಡನೆಯದು, ಗವಸನ್ನು ಕೈ ತಣ್ಣಗಾದ ಮೇಲೆ ತೊಡುವುದಲ್ಲ, ಬಿಸಿಯಿರುವಾಗಲೇ ತೊಡಬೇಕು. ಗವಸು ಬಿಸಿಯನ್ನು ಹುಟ್ಟಿಸುವುದಿಲ್ಲ. ಇದ್ದುದನ್ನು ಕಾಯುತ್ತದೆ, ಅಷ್ಟೆ.

ಇನ್ನು ಗವಸಿನ ಮಾತು. ಕನ್ನಡ ಪಂಡಿತನಾದ್ದರಿಂದ ನನ್ನ ಮನಸ್ಸು ಮೊದಲು ಹೋದದ್ದು ಅಂಗಡಿಗಲ್ಲ, ನಿಘಂಟಿಗೆ. ನಮ್ಮ ಹಿಂದಿನವರಲ್ಲಿ ಅಂಗುಲಿತ್ರಾಣ ಎಂಬ ವಸ್ತುವಿತ್ತು. ವಿಶ್ವಾಮಿತ್ರರನ್ನು ಹಿಂಬಾಲಿಸಿ ಹೊರಟ ರಾಮಲಕ್ಷ್ಮಣರು ಉಡದ ಚರ್ಮದ ಅಂಗುಲಿತ್ರಾಣ ಕಟ್ಟಿಕೊಂಡಿದ್ದರೆಂದು ವಾಲ್ಮೀಕಿ ಹೇಳುತ್ತಾನೆ. ಬಿಲ್ಲಿನ ಹೆದೆ ಬೆರಳನ್ನು ಕೊಯ್ಯಬಾರದು. ಆದರೆ ಹೆದೆಯನ್ನು ಬಿಡುವ ಕ್ಷಣವನ್ನು ಬೆರಳು ಅರಿಯಲೂ ಬೇಕು. ರಕ್ಷಣೆ ಮತ್ತು ಸ್ಪರ್ಶ, ಇವೆರಡರಲ್ಲಿ ಯಾವುದನ್ನೂ ಬಿಡುವಂತಿಲ್ಲ. ಬಿಲ್ಲುಗಾರನ ಈ ಇಕ್ಕಟ್ಟೇ ಚಳಿಯಲ್ಲಿ ನಿಂತ ಛಾಯಾಗ್ರಾಹಕನ ಇಕ್ಕಟ್ಟು. ಅಂಗಡಿಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಗವಸು ಎಷ್ಟು ದಪ್ಪವಾಗಿದೆ ಎಂಬುದಾಗಿರಲಿಲ್ಲ. ಅದನ್ನು ತೊಟ್ಟು ನನ್ನ ತೋರುಬೆರಳು ಯಾವ ಕೆಲಸ ಮಾಡಬಲ್ಲುದು ಎಂಬುದಾಗಿತ್ತು.

ಒಂದೇ ಗವಸು ಈ ಎರಡು ಕೆಲಸಗಳನ್ನೂ ಮಾಡಲಾರದು. ಆದ್ದರಿಂದ ಬಲ್ಲವರು ಪದರಗಳ ಉಪಾಯವನ್ನು ಕಂಡುಕೊಂಡಿದ್ದಾರೆ. 1953ರ ಮೇ 29ರಂದು ಎವರೆಸ್ಟ್ ಏರಿದ ಹಿಲರಿ ಮತ್ತು ತೇನಸಿಂಗರು ಮೂರು ಜೊತೆ ಗವಸುಗಳನ್ನು ಒಂದರ ಮೇಲೊಂದು ತೊಟ್ಟಿದ್ದರು: ಒಳಗೆ ರೇಷ್ಮೆಯದು, ನಡುವೆ ಉಣ್ಣೆಯದು, ಹೊರಗೆ ಗಾಳಿಯನ್ನು ತಡೆಯುವ ಬಟ್ಟೆಯದು. ಶಿಖರದ ಮೇಲೆ ನಿಂತ ತೇನಸಿಂಗರ ಜಗತ್ಪ್ರಸಿದ್ಧ ಚಿತ್ರವನ್ನು ತೆಗೆದ ಹಿಲರಿ ಕ್ಯಾಮೆರಾವನ್ನು ಬೆಚ್ಚಗಿಡಲು ಅಂಗಿಯೊಳಗೆ ಇಟ್ಟುಕೊಂಡಿದ್ದನು. ಇಂದಿನ ಅಂಗಡಿಗಳಲ್ಲಿ ದೊರೆಯುವ ಒಳ್ಳೆಯ ಗವಸುಗಳ ತತ್ತ್ವವೂ ಇದೇ.

ಒಳಗವಸು ತೆಳುವಾಗಿ, ಬೆರಳಿಗೆ ಎರಡನೆಯ ಚರ್ಮದಂತೆ ಹೊಂದಿಕೊಳ್ಳಬೇಕು. ಗುಂಡಿ ಒತ್ತುವುದು, ತಿರುಪು ತಿರುಗಿಸುವುದು ಎಲ್ಲವೂ ಇದನ್ನು ತೊಟ್ಟೇ ನಡೆಯಬೇಕು; ಚರ್ಮ ಲೋಹಕ್ಕೆ ತಾಗುವ ಪ್ರಸಂಗವೇ ಬರಬಾರದು. ಸ್ಕಾಟನ ದಕ್ಷಿಣಧ್ರುವ ಯಾತ್ರೆಯ ಛಾಯಾಗ್ರಾಹಕನಾಗಿ 1910ರಲ್ಲಿ ಹೊರಟ ಹರ್ಬರ್ಟ್ ಪಾಂಟಿಂಗನ ನಾಲಗೆಯ ತುದಿ ಒಮ್ಮೆ ಆಕಸ್ಮಿಕವಾಗಿ ಕ್ಯಾಮೆರಾದ ಲೋಹಕ್ಕೆ ತಗುಲಿ ಅಲ್ಲಿಯೇ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಲೋಹ ಬಿಸಿಯನ್ನು ಅಷ್ಟು ವೇಗವಾಗಿ ಹೀರುತ್ತದೆ. ಒಳಗವಸಿಗೆ ರೇಷ್ಮೆ ಅಥವಾ ಮೆರಿನೋ ಎಂಬ ನಯವಾದ ಉಣ್ಣೆ ಯೋಗ್ಯ. ಹತ್ತಿ ಮಾತ್ರ ಬೇಡ. ಹತ್ತಿ ನಮ್ಮ ಬಿಸಿಲಿಗೆ ಅಮೃತ, ಹಿಮಾಲಯದ ಚಳಿಗೆ ವೈರಿ: ಬೆವರನ್ನು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ಬಿಸಿಯನ್ನು ಸಾಗಿಸುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಗುಂಡಿಗಳ ಬದಲು ಗಾಜಿನ ತೆರೆಯನ್ನೇ ಮುಟ್ಟಿ ನಡೆಸುವ ಕ್ಯಾಮೆರಾ, ಮೊಬೈಲುಗಳಿದ್ದರೆ, ಬೆರಳ ತುದಿಗೆ ವಿದ್ಯುತ್ತು ಹರಿಯುವ ನೂಲು ಹೆಣೆದ ಒಳಗವಸನ್ನು ಕೇಳಿ ಪಡೆಯಬೇಕು. ಸಾಮಾನ್ಯ ಗವಸಿನ ಬೆರಳನ್ನು ಆ ತೆರೆ ಗುರುತಿಸುವುದಿಲ್ಲ.

ಹೊರಗವಸಿನ ಕೆಲಸ ಕಾಯುವುದು. ಇಲ್ಲಿ ಐದು ಬೆರಳಿಗೆ ಐದು ಕೋಣೆಗಳಿರುವ ಗವಸಿಗಿಂತ, ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೂ ಕೂಡಿ ಒಂದು ಕೋಣೆಯಿರುವ ಮಿಟನ್ ಎಂಬ ಬಗೆ ಹೆಚ್ಚು ಬೆಚ್ಚಗಿರುತ್ತದೆ. ಕೂಡು ಕುಟುಂಬದಂತೆ ನಾಲ್ಕು ಬೆರಳುಗಳು ತಂತಮ್ಮ ಬಿಸಿಯನ್ನು ಹಂಚಿಕೊಳ್ಳುತ್ತವೆ. ಬೇರೆ ಬೇರೆ ಮನೆ ಮಾಡಿದ ಬೆರಳುಗಳು ಒಂದೊಂದೂ ಒಂಟಿಯಾಗಿ ನಡುಗುತ್ತವೆ. ಛಾಯಾಗ್ರಾಹಕರಿಗೆಂದೇ ತುದಿಯ ಟೊಪ್ಪಿಗೆಯನ್ನು ಹಿಂದಕ್ಕೆ ಮಡಚಿ ಸಿಕ್ಕಿಸಿಡಬಹುದಾದ ಮಿಟನ್‌ಗಳು ಬರುತ್ತವೆ. ಚಿತ್ರ ಹಿಡಿಯುವ ಕ್ಷಣಕ್ಕೆ ಟೊಪ್ಪಿಗೆ ಸರಿಸಿ, ಒಳಗವಸಿನ ಬೆರಳಿನಿಂದ ಗುಂಡಿ ಒತ್ತಿ, ಮತ್ತೆ ಮುಚ್ಚಿಕೊಳ್ಳಬಹುದು. ಹೆಬ್ಬೆರಳು, ತೋರುಬೆರಳುಗಳಿಗೆ ಮಾತ್ರ ಸೀಳು ಇಟ್ಟ ಗವಸುಗಳೂ ಉಂಟು; ಸಾಧಾರಣ ಚಳಿಗೆ ಅವು ಸಾಕು. ಹೊರಪದರ ಗಾಳಿಯನ್ನೂ ಹಿಮದ ತೇವವನ್ನೂ ತಡೆಯಬೇಕು. ಅಂಗೈಯ ಕಡೆ ಜಾರದಂಥ ಹಿಡಿತವಿರಬೇಕು. ಮಣಿಕಟ್ಟನ್ನು ದಾಟಿ ಅಂಗಿಯ ತೋಳಿನೊಳಗೆ ಸೇರುವಷ್ಟು ಉದ್ದವಿರಬೇಕು. ಕೈಯಿಂದ ಕಳಚಿದಾಗ ಗಾಳಿಗೆ ಹಾರಿಹೋಗದಂತೆ ಮಣಿಕಟ್ಟಿಗೆ ಒಂದು ದಾರವಿದ್ದರೆ ಲೇಸು.

ಅಳತೆಯ ವಿಷಯದಲ್ಲಿ ನಮ್ಮ ಜನ ಎಡವುವುದು ಬಿಗಿಯಾದುದನ್ನು ಕೊಂಡು. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೇಯುವ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಬಟ್ಟೆ ಬೆಚ್ಚಗಿರುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ಗವಸು ಬಿಗಿಯಾದರೆ ಆ ಗಾಳಿಗೆ ಎಡೆಯಿಲ್ಲ. ರಕ್ತದ ಓಟಕ್ಕೂ ಅಡ್ಡಿ. ಒಳಗವಸನ್ನು ತೊಟ್ಟುಕೊಂಡೇ ಹೊರಗವಸಿನ ಅಳತೆ ನೋಡಬೇಕು. ಮುಷ್ಟಿ ಕಟ್ಟಿದಾಗ ಬೆರಳ ತುದಿಗಳಲ್ಲಿ ಎಳೆತ ಇರಬಾರದು. ಸಾಧ್ಯವಾದರೆ ಕ್ಯಾಮೆರಾವನ್ನು ಅಂಗಡಿಗೇ ಒಯ್ದು, ಕಣ್ಣುಮುಚ್ಚಿ ಐದು ಕೆಲಸಗಳನ್ನು ಮಾಡಿ ನೋಡಬೇಕು: ಗುಂಡಿಯನ್ನು ಅರ್ಧ ಒತ್ತಿ ನಿಲ್ಲಿಸುವುದು, ಮಸೂರದ ಮುಚ್ಚಳ ತೆಗೆಯುವುದು, ತಿರುಪು ತಿರುಗಿಸುವುದು, ಬ್ಯಾಟರಿ ಬದಲಿಸುವುದು, ಟ್ರೈಪಾಡಿನ ಕಾಲು ಬಿಗಿಯುವುದು. ಐದರಲ್ಲಿ ನಾಲ್ಕಾದರೂ ಆಗದ ಗವಸನ್ನು, ಅದೆಷ್ಟೇ ಬೆಲೆಯದಿರಲಿ, ಅಲ್ಲಿಯೇ ಬಿಟ್ಟು ಬರುವುದು ಒಳಿತು.

ಈ ಪರೀಕ್ಷೆಗಳನ್ನೆಲ್ಲ ನಾನು ಮಾಡಿದ್ದು ಕೆರೂರಿನ ಮನೆಯಲ್ಲಿ. ಚಳಿಯನ್ನು ಎಲ್ಲಿಂದ ತರುವುದು? ಗವಸು ತೊಟ್ಟ ಕೈಯನ್ನು ಫ್ರಿಜ್ಜಿನ ಮಂಜುಗಡ್ಡೆಯ ಕೋಣೆಯಲ್ಲಿಟ್ಟು, ಗಡಿಯಾರ ನೋಡುತ್ತ ನಿಂತೆ. ಸೊಸೆ ಬಂದು, "ಮಾವಾರ, ಫ್ರಿಜ್ಜಿನ್ಯಾಗ ಏನ ಹುಡಕಾಕತ್ತೀರಿ?" ಎಂದಳು. ಚಳಿ ಹುಡುಕುತ್ತಿದ್ದೇನೆಂದು ಹೇಳಿದರೆ ಅವಳು ಏನೆಂದುಕೊಂಡಾಳೋ ಎಂದು ಸುಮ್ಮನೆ ಒಂದು ನಿಂಬೆಹಣ್ಣು ತೆಗೆದುಕೊಂಡು ಬಂದೆ.

ಅವ್ವ ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ನಮ್ಮ ಕಡೆಯ ಕುರಿಯ ಉಣ್ಣೆಯಿಂದಲೇ ಗವಸು ಏಕೆ ಮಾಡಬಾರದೆಂಬುದು ಅವಳ ವಾದ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಹೇಳಿ ಮಾಡಿಸಿದ್ದು. ಹುಣಸೆ ಬೀಜದ ಗಂಜಿ ಕುಡಿದ ಕಂಬಳಿ ಮಳೆಯನ್ನೂ ತಡೆದು ನಿಲ್ಲುತ್ತದೆ. ಆದರೆ ಬೆರಳಿಗೆ ಅದು ಚುಚ್ಚುತ್ತದೆ, ಗುಂಡಿಯ ಸೂಕ್ಷ್ಮವನ್ನು ಮರೆಮಾಡುತ್ತದೆ. ಹಾಗೆಂದು ವಿವರಿಸಿದೆ. ಅವಳು ಒಪ್ಪಲಿಲ್ಲ, ವಾದಿಸಲೂ ಇಲ್ಲ. "ಆ ಮೂರ ಕಾಲಿಂದು ಹಿಡದೀ ಅಂತಲ್ಲ, ಅದಕ್ಕ ಬಟ್ಟಿ ಇತ್ತೇನು?" ಎಂದಳು. ಟ್ರೈಪಾಡಿನ ಮಾತು ಅದು. ಇರಲಿಲ್ಲ ಎಂದೆ. ಅಂದು ಮಧ್ಯಾಹ್ನ ಅಪ್ಪನ ಕಾಲದ ಹಳೆಯ ಕಂಬಳಿಯ ಅಂಚನ್ನು ಹರಿದು, ದಬ್ಬಣ ಹಿಡಿದು, ಟ್ರೈಪಾಡಿನ ಮೂರು ಕಾಲುಗಳಿಗೂ ಅಂಗಿ ಹೊಲಿದಳು. ಲೋಹಕ್ಕೆ ಹೊದಿಕೆ ಹಾಕಿದರೆ ಗವಸಿನ ಅರ್ಧ ಭಾರ ಇಳಿಯುತ್ತದೆಂಬ ಈ ಸತ್ಯವನ್ನು ನಾನು ಆಮೇಲೆ ಪುಸ್ತಕಗಳಲ್ಲಿಯೂ ಓದಿದೆ.

ಇನ್ನೆರಡು ಎಚ್ಚರಿಕೆಗಳು. ಕಬ್ಬಿಣದ ಪುಡಿ, ಉಪ್ಪು, ಇದ್ದಿಲುಗಳನ್ನು ತುಂಬಿದ ಸಣ್ಣ ಚೀಲಗಳು ಈಗ ದೊರೆಯುತ್ತವೆ. ಗಾಳಿಗೆ ತೆರೆದೊಡನೆ ಕಬ್ಬಿಣ ತುಕ್ಕು ಹಿಡಿಯುವ ಕ್ರಿಯೆಯಿಂದ ಹಲವು ಗಂಟೆ ಬಿಸಿ ಕೊಡುತ್ತವೆ. ಇವನ್ನು ಒಳಗವಸಿಗೂ ಹೊರಗವಸಿಗೂ ನಡುವೆ ಇಡಬೇಕು, ಬರಿಯ ಚರ್ಮಕ್ಕೆ ತಾಗಿಸಬಾರದು. ಮಧುಮೇಹದಿಂದ ಬೆರಳಿನ ಅರಿವು ಕಡಿಮೆಯಾದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲವಾದ್ದರಿಂದ ಅವರು ವಿಶೇಷವಾಗಿ ಜಾಗರೂಕರಾಗಿರಬೇಕು. ಮತ್ತೆ, ಬೆರಳು ಬೆಳ್ಳಗಾಗಿ ಮರಗಟ್ಟಿ ಗಡುಸಾದರೆ ತಿಕ್ಕುವುದಾಗಲಿ ಬೆಂಕಿಗೆ ಹಿಡಿಯುವುದಾಗಲಿ ಸಲ್ಲದು. ಬೆಚ್ಚನೆಯ ಆಶ್ರಯಕ್ಕೆ ಹೋಗಿ, ಮೈಬಿಸಿಯಷ್ಟೇ ಬೆಚ್ಚಗಿನ ನೀರಿನಲ್ಲಿಟ್ಟು, ವೈದ್ಯರನ್ನು ಕಾಣಬೇಕು. ಚಿತ್ರಕ್ಕಿಂತ ಬೆರಳು ದೊಡ್ಡದು.

ಇಷ್ಟೆಲ್ಲ ಸಿದ್ಧತೆ ನಮ್ಮ ನಾಡಿನ ಚಳಿಗೆ ಬೇಕಿಲ್ಲವೆಂಬುದನ್ನೂ ಹೇಳಬೇಕು. ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನಸುಕಿನಲ್ಲಿ ಕಾಯುವವರಿಗೆ ಒಂದು ಜೊತೆ ತೆಳುವಾದ ಉಣ್ಣೆಯ ಒಳಗವಸು ಸಾಕು. ಬಾದಾಮಿಯ ಭೂತನಾಥನ ಗುಡಿಯ ಮುಂದೆ ಪುಷ್ಯದ ಬೆಳಗಿನಲ್ಲಿ ನಿಲ್ಲುವವರಿಗೂ ಅಷ್ಟೆ. ಹಿಮದ ನಾಡಿಗೆ ಮಕ್ಕಳನ್ನು ಕಾಣಲು ಹೋಗುವ ನನ್ನ ವಯಸ್ಸಿನವರು ಮಾತ್ರ ಪೂರ್ಣ ಪದರಗಳನ್ನು ಒಯ್ಯಲಿ.

2023ರ ನವೆಂಬರಿನ ಮೊದಲ ವಾರದಲ್ಲಿ ನಾನು ಮತ್ತೆ ಕೇದಾರಕ್ಕೆ ಹೋದೆ. ಆ ವರ್ಷ ಗುಡಿಯ ಬಾಗಿಲು ಮುಚ್ಚಿದ್ದು ನವೆಂಬರ್ 15ರಂದು. ಹೀಗಾಗಿ ಚಳಿ ಹಿಂದಿನ ಸಲಕ್ಕಿಂತ ತೀಕ್ಷ್ಣವಾಗಿತ್ತು. ಗುಡಿಯ ಆವರಣದಲ್ಲಿ ಚಿತ್ರ ತೆಗೆಯಕೂಡದೆಂಬ ಫಲಕಗಳನ್ನು ಆ ವರ್ಷವೇ ಹಾಕಿದ್ದರು. ನನಗೆ ಬೇಕಾದದ್ದು ಭೈರವನಾಥನ ಗುಡ್ಡದ ದಾರಿಯೇ. ಬೆಚ್ಚನೆಯ ಟೊಪ್ಪಿಗೆ, ಕತ್ತಿಗೆ ಮಫ್ಲರು, ರೇಷ್ಮೆಯ ಒಳಗವಸು, ಟೊಪ್ಪಿಗೆ ಮಡಚುವ ಮಿಟನ್. ಬದಲಿ ಬ್ಯಾಟರಿಗಳೆರಡು ಎದೆಯ ಒಳಜೇಬಿನಲ್ಲಿ. ಅವ್ವ ಹೊಲಿದ ಕಂಬಳಿಯ ಅಂಗಿ ತೊಟ್ಟ ಟ್ರೈಪಾಡನ್ನು ಕಂಡು ಪಕ್ಕದಲ್ಲಿದ್ದ ತರುಣರಿಬ್ಬರು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಅವರಲ್ಲೊಬ್ಬನು ತನ್ನ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಅದರ ಬಗ್ಗೆ ವಿಚಾರಿಸಿದನು. ಶಿಖರ ಕೆಂಪಾಯಿತು, ಹೊನ್ನಾಯಿತು. ಟೊಪ್ಪಿಗೆ ಸರಿಸಿ ಗುಂಡಿಯನ್ನು ಅರ್ಧ ಒತ್ತಿದೆ. ಅದು ಅರ್ಧದಲ್ಲಿಯೇ ನಿಂತುದನ್ನು ಬೆರಳು ತಿಳಿಸಿತು. ಆಮೇಲೆ ಪೂರ್ತಿ ಒತ್ತಿದೆ.

ಆ ಚಿತ್ರ ಈಗ ನಮ್ಮ ದೇವರ ಜಗಲಿಯ ಪಕ್ಕದ ಗೋಡೆಯ ಮೇಲಿದೆ. ಅದನ್ನು ಮೊದಲ ಸಲ ಕೈಗೆ ಕೊಟ್ಟಾಗ ಅವ್ವ ಅದನ್ನು ಹಣೆಗೆ ಒತ್ತಿಕೊಂಡು, ದೀಪದ ಬೆಳಕಿಗೆ ಹಿಡಿದು ನೋಡಿದಳು. ಗುಡಿ ಈ ಸಲ ಒಂದೇ ಆಗಿತ್ತು. ಆಮೇಲೆ ಅದನ್ನು ಮಡಿಲಲ್ಲಿಟ್ಟು ನನ್ನ ಬಲಗೈಯನ್ನು ಎಳೆದುಕೊಂಡು, ಒಂದೊಂದೇ ಬೆರಳನ್ನು ಮುಟ್ಟಿ ನೋಡಿ, "ಕಂಬಳಿ ಬೆಚ್ಚಗಿತ್ತೇನು?" ಎಂದು ಕೇಳಿದಳು.

ಬೆಚ್ಚಗಿತ್ತು ಎಂದೆ.

(ಬಾನುಲಿ ಭಾಷಣ)